ಎರಡು ವಾರ ದಾಟಿದ ಕೆಮ್ಮು: ಹುಬ್ಬಳ್ಳಿ, ಗದಗ, ಹಾವೇರಿ ಕಡೆಯವರು ಟಿಬಿ ಚಿಕಿತ್ಸೆಗೆ ಎಲ್ಲಿಂದ ಶುರು ಮಾಡಬೇಕು?

ಕೆಮ್ಮು ಬಂದ ಕೂಡಲೇ ಯಾರೂ ಟಿಬಿ ಅಂತ ಯೋಚನೆ ಮಾಡುವುದಿಲ್ಲ. ನಮ್ಮ ಕಡೆ ಕೆಮ್ಮಿಗೆ ಕಾರಣಗಳಿಗೇನೂ ಬರವಿಲ್ಲ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊರುವವರಿಗೆ ಖಾರದ ಘಾಟು, ಹತ್ತಿ ಮಿಲ್ಲಿನವರಿಗೆ ಧೂಳು, ಹುಬ್ಬಳ್ಳಿ ರಸ್ತೆಗಳ ಬಗ್ಗೆ ಹೇಳುವುದೇ ಬೇಡ. ಹೀಗಾಗಿ ಮೊದಲು ಮೆಡಿಕಲ್ ಶಾಪಿನ ಸಿರಪ್ಪು, ಆಮೇಲೆ ಓಣಿಯ ಡಾಕ್ಟರ ಹತ್ತಿರ ಒಂದು ಇಂಜೆಕ್ಷನ್ನು, ಅದೂ ಹತ್ತಲಿಲ್ಲ ಅಂತ ಇನ್ನೊಬ್ಬ ಡಾಕ್ಟರು, ಆಮೇಲೆ ಯಾರೋ ಬೀಗರು ಹೇಳಿದ ದೊಡ್ಡ ದವಾಖಾನೆ. ಅಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ, ಕೈಯಲ್ಲಿದ್ದ ದುಡ್ಡೂ ಖಾಲಿ.

ಸರ್ಕಾರಿ ಒಳ್ಳೆಯದೋ ಖಾಸಗಿ ಒಳ್ಳೆಯದೋ ಅಂತ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಟಿಬಿಯಲ್ಲಿ ಅದಕ್ಕಿಂತ ಹೆಚ್ಚು ಹಾಳು ಮಾಡುವುದು ಈ ಅಲೆದಾಟ. ಯಾವ ಬಾಗಿಲಿಂದ ಒಳಗೆ ಹೋದರೂ ನಡೆಯುತ್ತದೆ. ಆದರೆ ಕಫದ ಟೆಸ್ಟು ಬೇಗ ಆಗಬೇಕು, ನಿಕ್ಷಯ್ ನಂಬರು (ಸರ್ಕಾರದ ಟಿಬಿ ದಾಖಲೆಯಲ್ಲಿ ನಿಮಗೆ ಸಿಗುವ ನಂಬರು) ಕೈಗೆ ಬರಬೇಕು. ಇವೆರಡು ಆದರೆ ಉಳಿದದ್ದನ್ನ ನಡುವೆ ಸರಿ ಮಾಡಿಕೊಳ್ಳಬಹುದು.

ಯಾವಾಗ ಎದ್ದು ಹೋಗಬೇಕು

ಕೆಮ್ಮು ಎರಡು ವಾರ ದಾಟಿದರೆ ಸಾಕು. ಜೊತೆಗೆ ಸಂಜೆ ಹೊತ್ತಿಗೆ ಸಣ್ಣ ಜ್ವರ, ರಾತ್ರಿ ಬೆವರು, ಊಟ ಸೇರದೇ ಇರುವುದು, ಅಂಗಿ ಸಡಿಲಾಗುವಷ್ಟು ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದಾದರೂ ಇದ್ದರೆ ಎರಡು ವಾರದವರೆಗೂ ಕಾಯಬೇಡಿ. ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿದ್ದರೆ, ಇಲ್ಲವೇ ನಿಮಗೆ ಶುಗರ್ ಇದ್ದರೆ, ಎಷ್ಟೇ ದಿನದ ಕೆಮ್ಮಾದರೂ ತೋರಿಸಿ.

ಟಿಬಿ ಅಂದರೆ ಪುಪ್ಪುಸಕ್ಕೆ ಮಾತ್ರ ಬರುವುದಲ್ಲ. ಕೊರಳಲ್ಲಿ ನೋವಿಲ್ಲದ ಗಂಟು, ಎದೆಯಲ್ಲಿ ನೀರು ತುಂಬುವುದು, ದಿನೇ ದಿನೇ ಹೆಚ್ಚಾಗುವ ಬೆನ್ನುನೋವು, ಇವೂ ಟಿಬಿ ಇರಬಹುದು. ಇವರಿಗೆ ಎಷ್ಟೋ ಸಲ ಕೆಮ್ಮು ಇರುವುದೇ ಇಲ್ಲ, ಅದಕ್ಕೇ ತಡವಾಗುತ್ತದೆ.

ಮೊದಲು ಎಲ್ಲಿಗೆ

ಹಳ್ಳಿಯವರಾದರೆ ಆಶಾ ಕಾರ್ಯಕರ್ತೆಗೆ ಹೇಳಿ, ಅಥವಾ ನೇರ ಪಿಎಚ್‌ಸಿಗೆ ಹೋಗಿ. ಅಲ್ಲಿ ಕಫ ಟೆಸ್ಟ್ ಮಾಡುವ ಮಷಿನ್ ಇಲ್ಲದಿದ್ದರೂ ಚಿಂತೆ ಇಲ್ಲ. ಕಫವನ್ನ ಡಬ್ಬಿಯಲ್ಲಿ ತೆಗೆದುಕೊಂಡು ಟೆಸ್ಟ್ ಆಗುವ ಕಡೆ ಕಳಿಸುವ ವ್ಯವಸ್ಥೆ ಇದೆ. ಹುಬ್ಬಳ್ಳಿ-ಧಾರವಾಡದ ಒಳಗಿದ್ದರೆ ಹತ್ತಿರದ "ನಮ್ಮ ಕ್ಲಿನಿಕ್" ಅನ್ನೋ ಸರ್ಕಾರಿ ದವಾಖಾನೆ ಅಥವಾ ನಗರ ಆರೋಗ್ಯ ಕೇಂದ್ರ ಆಗುತ್ತದೆ. ತಾಲ್ಲೂಕು ಆಸ್ಪತ್ರೆ, ಧಾರವಾಡ ಮತ್ತು ಹಾವೇರಿಯ ಜಿಲ್ಲಾಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಾದ ಗದಗಿನ ಜಿಮ್ಸ್, ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಇವು ಮುಂದಿನ ಮೆಟ್ಟಿಲು.

ನಮ್ಮ ಕಡೆ ಏನೇ ಆದರೂ "ಕಿಮ್ಸಿಗೆ ಹೋಗೂಣು" ಅನ್ನೋದು ರೂಢಿ. ಉಸಿರಾಟದ ತೊಂದರೆ ಇದ್ದರೆ, ರಕ್ತ ಜಾಸ್ತಿ ಬೀಳುತ್ತಿದ್ದರೆ ಖಂಡಿತ ದೊಡ್ಡ ಆಸ್ಪತ್ರೆಗೇ ಹೋಗಿ. ಸುಮ್ನೆ ಕೆಮ್ಮಿಗೆ ಮಾತ್ರ ಅಲ್ಲಿ ಸಾಲು ಹಚ್ಚುವ ಅಗತ್ಯ ಇಲ್ಲ. ಯಾಕಂದರೆ ಟಿಬಿ ಅಂತ ಗೊತ್ತಾದ ಮೇಲೆ ಅವರು ನಿಮ್ಮನ್ನ ಊರ ಹತ್ತಿರದ ಕೇಂದ್ರಕ್ಕೇ ಕಳಿಸುತ್ತಾರೆ. ಆರು ತಿಂಗಳು ಗುಳಿಗೆ ತರಬೇಕಾದದ್ದು ಅಲ್ಲಿಂದಲೇ.

ಕಫ ಕೊಡುವುದೂ ಒಂದು ಕೆಲಸ

ಇದನ್ನ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಡಬ್ಬಿ ಕೈಗಿಟ್ಟು "ಕಫ ತಗೊಂಡು ಬಾ" ಅಂತಾರೆ. ಜನ ಸಂಕೋಚಪಟ್ಟು ಒಂದು ಮೂಲೆಗೆ ಹೋಗಿ ಉಗುಳು ಹಾಕಿ ತಂದುಕೊಡುತ್ತಾರೆ. ನೀರಿನಂಥ, ನೊರೆ ನೊರೆ ಉಗುಳು. ಅದರಲ್ಲಿ ಏನೂ ಸಿಗುವುದಿಲ್ಲ. ರಿಪೋರ್ಟು ನೆಗೆಟಿವ್ ಬರುತ್ತದೆ, ಮನೆಯವರೆಲ್ಲ ಆರಾಮಾಗಿ ಕೂರುತ್ತಾರೆ, ಕಾಯಿಲೆ ಒಳಗೊಳಗೇ ಬೆಳೆಯುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಕೊಡುವ ಕಫ ಒಳ್ಳೆಯದು. ಚಹಾ, ನಾಷ್ಟಾ ಆಗುವ ಮೊದಲು ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ಗುಟ್ಕಾ, ಎಲೆ-ಅಡಿಕೆ ಹಾಕುವವರು ಇದನ್ನ ತಪ್ಪಿಸಲೇಬಾರದು. ಅಂಗಳಕ್ಕೋ ಮಾಳಿಗೆ ಮೇಲಕ್ಕೋ ಹೋಗಿ, ಹತ್ತಿರ ಮಕ್ಕಳು ಇರಬಾರದು. ಎರಡು ಮೂರು ಸಲ ಎದೆ ತುಂಬ ಉಸಿರು ಎಳೆದುಕೊಂಡು, ಸ್ವಲ್ಪ ಹಿಡಿದು, ಆಮೇಲೆ ಒಳಗಿಂದ ಜೋರಾಗಿ ಕೆಮ್ಮಿ. ಗಟ್ಟಿಯಾದ, ಲೋಳೆಯಂಥದ್ದು ಬಂದರೆ ಅದೇ ಕಫ. ಒಂದು ಟೀ ಚಮಚದಷ್ಟು ಇದ್ದರೂ ಸಾಕು. ಮುಚ್ಚಳ ಬಿಗಿ ಮಾಡಿ, ಡಬ್ಬಿಯ ಮೇಲೆ ಹೆಸರು ಇದೆಯಾ ನೋಡಿ, ಅವತ್ತೇ ಮುಟ್ಟಿಸಿ.

ಮೊದಲು ಸೂಕ್ಷ್ಮದರ್ಶಕದಲ್ಲಿ ಕಫ ನೋಡುವುದೇ ದೊಡ್ಡ ಟೆಸ್ಟಾಗಿತ್ತು. ಈಗ ಸಿಬಿನ್ಯಾಟ್, ಟ್ರೂನ್ಯಾಟ್ ಅನ್ನೋ ಮಷಿನ್‌ಗಳಿವೆ. ಇವು ಟಿಬಿ ಇದೆಯಾ ಅನ್ನೋದರ ಜೊತೆಗೆ ರಿಫಾಂಪಿಸಿನ್ ಅನ್ನೋ ಮುಖ್ಯ ಔಷಧಿ ನಿಮಗೆ ಕೆಲಸ ಮಾಡುತ್ತದೆಯಾ ಅನ್ನೋದನ್ನೂ ಕೆಲವೇ ಗಂಟೆಗಳಲ್ಲಿ ಹೇಳುತ್ತವೆ. ಹಾಗಾಗಿ "ನ್ಯಾಟ್ ಟೆಸ್ಟ್ ಆಗಿದೆಯಾ?" ಅಂತ ಬಾಯಿಬಿಟ್ಟು ಕೇಳಿ. ಸರ್ಕಾರಿ ವ್ಯವಸ್ಥೆಯಲ್ಲಿ ಇದು ಪುಕ್ಕಟೆ, ಖಾಸಗಿ ಲ್ಯಾಬಿನಲ್ಲಿ ಸಾವಿರದ ಲೆಕ್ಕದಲ್ಲಿ ಬಿಲ್ ಆಗುತ್ತದೆ.

ಕೊರಳ ಗಂಟಿನವರಿಗೆ ಒಂದು ಮಾತು. ಗಂಟಿನಿಂದ ತುಂಡು ತೆಗೆಯುವ ಮೊದಲೇ ಡಾಕ್ಟರಿಗೆ ಹೇಳಿ, ಎಲ್ಲವನ್ನೂ ಫಾರ್ಮಾಲಿನ್‌ನಲ್ಲಿ (ತುಂಡು ಕೆಡದಂತೆ ಇಡುವ ದ್ರಾವಣ) ಹಾಕಬೇಡಿ, ಒಂದು ಭಾಗವನ್ನ ಸಲೈನ್‌ನಲ್ಲಿಟ್ಟು ಟಿಬಿ ಟೆಸ್ಟಿಗೆ ಕಳಿಸಿ ಅಂತ. ಫಾರ್ಮಾಲಿನ್‌ಗೆ ಬಿದ್ದ ಮೇಲೆ ಅದರಲ್ಲಿ ಟಿಬಿ ಕಲ್ಚರ್, ಅಂದರೆ ಕ್ರಿಮಿಯನ್ನ ಬೆಳೆಸಿ ನೋಡುವ ಟೆಸ್ಟು, ಮಾಡಲು ಬರುವುದಿಲ್ಲ.

ಖಾಸಗಿಗೆ ಹೋಗುವವರು

ಖಾಸಗಿಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಸಂಜೆ ಹೊತ್ತು ಸಿಗುತ್ತಾರೆ, ಕೂಲಿ ತಪ್ಪುವುದಿಲ್ಲ, ಎರಡು ಮಾತು ನೆಟ್ಟಗೆ ಆಡುತ್ತಾರೆ. ಆದರೆ ಅಲ್ಲಿ ಎಚ್ಚರ ನೀವೇ ಇಟ್ಟುಕೊಳ್ಳಬೇಕು.

ರೋಣ ತಾಲ್ಲೂಕಿನಲ್ಲಿರುವ ನಮ್ಮ ಸೋದರಮಾವನಿಗೆ ಕೆಮ್ಮು ಬಂದಾಗ ಹುಬ್ಬಳ್ಳಿಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಮೊದಲ ದಿನವೇ ಸಿಟಿ ಸ್ಕ್ಯಾನ್ ಮಾಡಿಸಿದರು. ರಕ್ತದ ಟೆಸ್ಟುಗಳ ಪಟ್ಟಿಯೂ ಉದ್ದವಿತ್ತು. ಕಫದ ಟೆಸ್ಟ್ ಮಾತ್ರ ಅದರಲ್ಲಿ ಇರಲಿಲ್ಲ. ಲಿವೊಫ್ಲಾಕ್ಸಸಿನ್ ಅನ್ನೋ ಆ್ಯಂಟಿಬಯೋಟಿಕ್ ಗುಳಿಗೆ ಕೊಟ್ಟರು, ಜ್ವರ ಇಳಿಯಿತು, ಮಾವ ಖುಷಿಯಾಗಿ ಹೊಲಕ್ಕೆ ಹೋದರು. ಕೋರ್ಸ್ ಮುಗಿದ ಮೇಲೆ ಜ್ವರ ವಾಪಸ್ ಬಂತು. ಕೊನೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಫ ಕೊಟ್ಟ ಮೇಲೆ ಟಿಬಿ ಅಂತ ಗೊತ್ತಾಯಿತು. ಲಿವೊಫ್ಲಾಕ್ಸಸಿನ್ ಥರದ ಔಷಧಿಗಳು ಟಿಬಿಯನ್ನ ಅರ್ಧಂಬರ್ಧ ಅದುಮಿ ಹಿಡಿಯುತ್ತವೆ, ಅದರಿಂದ ರೋಗ ಪತ್ತೆ ತಡವಾಗುತ್ತದೆ. ಟಿಬಿ ಅನುಮಾನ ಇರುವಾಗ ಇವನ್ನ ಕೊಟ್ಟರೆ "ಸರ್, ಮೊದಲು ಕಫ ಟೆಸ್ಟ್ ಮಾಡಿಸಲಾ?" ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಎಕ್ಸ್‌ರೇಯಲ್ಲಿ ಕಲೆ ಕಂಡರೆ ಅದು ಅನುಮಾನವಷ್ಟೇ. ಹಳೇ ಗಾಯದ ಗುರುತೂ ಹಾಗೇ ಕಾಣುತ್ತದೆ. ಟಿಬಿ ಗೋಲ್ಡ್ ಅನ್ನೋ ರಕ್ತದ ಟೆಸ್ಟು ಮತ್ತು ಕೈಗೆ ಚುಚ್ಚುವ ಮಾಂಟೂ ಟೆಸ್ಟು, ಇವೆರಡೂ ಮೈಯಲ್ಲಿ ಟಿಬಿ ಕ್ರಿಮಿ ಸೇರಿದೆಯಾ ಅನ್ನೋದರ ಸುಳಿವು ಕೊಡುತ್ತವೆ. ಈಗ ಕಾಯಿಲೆ ಎದ್ದಿದೆಯಾ ಅನ್ನೋದನ್ನ ಹೇಳುವುದಿಲ್ಲ. ಇನ್ನು ರಕ್ತದಲ್ಲಿ ಆ್ಯಂಟಿಬಾಡಿ ನೋಡಿ ಟಿಬಿ ಹೇಳುವ ಟೆಸ್ಟುಗಳನ್ನ ಕೇಂದ್ರ ಸರ್ಕಾರ 2012ರಲ್ಲೇ ನಿಷೇಧ ಮಾಡಿದೆ. ಯಾರಾದರೂ ಅದಕ್ಕೆ ಬರೆದುಕೊಟ್ಟರೆ ಆ ಚೀಟಿಯನ್ನ ಮಡಚಿ ಕಿಸೆಯಲ್ಲಿಟ್ಟುಕೊಂಡು ಬೇರೆ ಕಡೆ ನಡೆಯಿರಿ.

ಟಿಬಿ ಖಾತ್ರಿಯಾಯಿತು, ಡಾಕ್ಟರು ಒಳ್ಳೆಯವರು, ಅವರ ಹತ್ತಿರವೇ ಮುಂದುವರಿಯಬೇಕು ಅಂತ ಅನ್ನಿಸಿದರೆ ಮುಂದುವರಿಯಿರಿ. ಆದರೆ ನಿಮ್ಮ ಕೇಸನ್ನ ಸರ್ಕಾರಕ್ಕೆ ತಿಳಿಸಿದ್ದಾರಾ ಅಂತ ಕೇಳಿ. ಇದು ಉಪಕಾರದ ಮಾತಲ್ಲ. 2012ರಿಂದ ಪ್ರತಿ ಟಿಬಿ ಕೇಸನ್ನೂ ಖಾಸಗಿಯವರು ತಿಳಿಸಬೇಕು, ತಿಳಿಸದಿದ್ದರೆ ಶಿಕ್ಷೆಗೂ ಅವಕಾಶ ಇದೆ ಅಂತ 2018ರಲ್ಲಿ ಆದೇಶವಾಯಿತು. ತಿಳಿಸಿದ್ದಕ್ಕೆ ಡಾಕ್ಟರಿಗೇ 500 ರೂಪಾಯಿ ಪ್ರೋತ್ಸಾಹಧನ ಬೇರೆ ಇದೆ. ಹೀಗೆ ದಾಖಲಾದ ಮೇಲೆ ನೀವು ಖಾಸಗಿ ಡಾಕ್ಟರ ಹತ್ತಿರವೇ ತೋರಿಸಿಕೊಳ್ಳುತ್ತಾ ಸರ್ಕಾರದ ಪುಕ್ಕಟೆ ಗುಳಿಗೆ ತೆಗೆದುಕೊಳ್ಳಬಹುದು. ಪೌಷ್ಟಿಕ ಆಹಾರದ ದುಡ್ಡೂ ಸಿಗುತ್ತದೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

"ಸರ್ಕಾರಿ ಗುಳಿಗಿ ಹತ್ತಂಗಿಲ್ಲ" ಅನ್ನುವವರಿಗೆ: ಒಳಗಿರುವ ಔಷಧಿ ಅದೇ. ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಇಥಾಂಬ್ಯುಟಾಲ್. ಖಾಸಗಿ ಮೆಡಿಕಲ್‌ನಲ್ಲಿ ಸಿಗುವ ಪ್ಯಾಕೆಟ್ಟಿನ ಮೇಲೂ ಇವೇ ಹೆಸರು ಇರುತ್ತವೆ, ಓದಿ ನೋಡಿ. ಟಿಬಿ ಔಷಧಿಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ. ಡಾಕ್ಟರ ಚೀಟಿ ಇಲ್ಲದೇ ಮಾರುವಂತಿಲ್ಲ, ಯಾರಿಗೆ ಕೊಟ್ಟರು ಅಂತ ಅಂಗಡಿಯವರು ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಹಳೇ ಚೀಟಿ ತೋರಿಸಿ ಬೇಕಾದಷ್ಟು ತಂದು ನುಂಗುವುದು, ದುಡ್ಡು ಕಡಿಮೆ ಆದಾಗ ನಾಲ್ಕರಲ್ಲಿ ಎರಡನ್ನೇ ತರುವುದು, ಇಂಥದ್ದರಿಂದಲೇ ಔಷಧಿಗೆ ಬಗ್ಗದ ಟಿಬಿ ಹುಟ್ಟುತ್ತದೆ.

ನಿಕ್ಷಯ್ ನಂಬರು ಮತ್ತು ದುಡ್ಡು

ದಾಖಲಾದ ಮೇಲೆ ನಿಮಗೊಂದು ನಿಕ್ಷಯ್ ಐಡಿ ಸಿಗುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಮನೆಯ ಇನ್ನೊಬ್ಬರ ಹತ್ತಿರವೂ ಇರಲಿ. ಈ ನಂಬರು ದೇಶದಲ್ಲೆಲ್ಲ ನಡೆಯುತ್ತದೆ. ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಹೋಗುವವರು, ಬೆಂಗಳೂರು, ಮಂಗಳೂರು ಅಂತ ದುಡಿಯಲು ಹೋಗುವವರು ನಮ್ಮಲ್ಲಿ ಬಹಳ ಅಲ್ವಾ, ಅವರಿಗೆ ಇದು ಮುಖ್ಯ. ಹೊರಡುವ ಮೊದಲು ಪಿಎಚ್‌ಸಿಗೆ ಅಥವಾ ಟಿಬಿ ಮೇಲ್ವಿಚಾರಕರಿಗೆ ಹೇಳಿದರೆ ನಿಮ್ಮ ಕೇಸನ್ನ ಅಲ್ಲಿನ ಕೇಂದ್ರಕ್ಕೆ ವರ್ಗಾಯಿಸುತ್ತಾರೆ. ದಾರಿಗೆ ಬೇಕಾಗುವಷ್ಟು ಗುಳಿಗೆ ಕೇಳಿ ಇಸಿದುಕೊಳ್ಳಿ. ಹೇಳದೇ ಹೋದರೆ ಇಲ್ಲಿನವರು ಹುಡುಕುತ್ತಾರೆ, ಅಲ್ಲಿನವರಿಗೆ ನೀವು ಯಾರೋ ಗೊತ್ತಿರುವುದಿಲ್ಲ, ನಡುವೆ ಗುಳಿಗೆ ನಿಂತುಹೋಗುತ್ತದೆ.

ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. 2024ರ ನವೆಂಬರ್‌ನಿಂದ ಅದು 1000 ಆಗಿದೆ. ಆರು ತಿಂಗಳ ಚಿಕಿತ್ಸೆಯವರಿಗೆ 3000ದಂತೆ ಎರಡು ಕಂತಿನಲ್ಲಿ ಖಾತೆಗೆ ಹಾಕುತ್ತಾರೆ. ದುಡ್ಡು ಬಾರದೇ ಇದ್ದರೆ ಮೊದಲು ಖಾತೆ ಪರೀಕ್ಷೆ ಮಾಡಿ. ಆಧಾರ್ ಜೋಡಣೆ ಆಗಿಲ್ಲ, ಬಹಳ ದಿನ ವ್ಯವಹಾರ ಇಲ್ಲದೇ ಖಾತೆ ನಿಂತಿದೆ, ಇಲ್ಲವೇ ಬ್ಯಾಂಕೇ ಬೇರೆಯದರಲ್ಲಿ ಸೇರಿಹೋಗಿದೆ, ಹೀಗೇ ಏನೋ ಇರುತ್ತದೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದಲ್ಲಿ ಸೇರಿತು. ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ ತಿಂಗಳಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಜೊತೆ ಒಂದಾಯಿತು. ಹಳೇ ಪಾಸ್‌ಬುಕ್ಕಿನ ಜೆರಾಕ್ಸ್ ಕೊಡುವ ಮೊದಲು ಐಎಫ್‌ಎಸ್‌ಸಿ ಈಗಲೂ ಅದೇನಾ ಅಂತ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಹೆಂಗಸರಿಗೆ ಸುಲಭದ ದಾರಿ, ಗೃಹಲಕ್ಷ್ಮಿ ದುಡ್ಡು ಬೀಳುತ್ತಿರುವ ಖಾತೆಯನ್ನೇ ಕೊಡುವುದು.

ಆ ದುಡ್ಡಿನಲ್ಲಿ ಡಬ್ಬಿ ಪೌಡರ್ ತರಬೇಡಿ, ದಯವಿಟ್ಟು. ಮೊಟ್ಟೆ, ಶೇಂಗಾ, ಹೆಸರುಕಾಳು, ಮೊಸರು ತನ್ನಿ. ರೊಟ್ಟಿ ಜೊತೆ ಶೇಂಗಾ ಹಿಂಡಿ, ಕಾಳುಪಲ್ಯ ಇದ್ದರೆ ಅದಕ್ಕಿಂತ ಒಳ್ಳೆಯದು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ.

ಗುಳಿಗೆ ಶುರುವಾದ ಮೇಲೆ

ಸಾಮಾನ್ಯ ಟಿಬಿಗೆ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಗುಳಿಗೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿಯದು. ಬೆನ್ನುಮೂಳೆ, ಮಿದುಳಿನ ಟಿಬಿಗೆ ಹೆಚ್ಚು ಕಾಲ ಬೇಕಾಗುತ್ತದೆ. ಎಷ್ಟು ಗುಳಿಗೆ ಅನ್ನೋದು ತೂಕದ ಮೇಲೆ: ದೊಡ್ಡವರಲ್ಲಿ 35ರಿಂದ 49 ಕೆಜಿಗೆ ದಿನಕ್ಕೆ 3, 50ರಿಂದ 64ಕ್ಕೆ 4. ಹಾಗಾಗಿ ತೂಕ ನೋಡದೇ ಯಾರಾದರೂ ಗುಳಿಗೆ ಬರೆದರೆ "ನನ್ನ ತೂಕ ನೋಡ್ರಿ" ಅಂತ ಹೇಳಿ.

ಮೊದಲ ದಿನ ಮೂತ್ರ ಕೆಂಪು-ಕೇಸರಿ ಬಣ್ಣಕ್ಕೆ ತಿರುಗಿದಾಗ ಎಷ್ಟೋ ಜನ ರಕ್ತ ಹೋಗುತ್ತಿದೆ ಅಂತ ಹೆದರಿ ಗುಳಿಗೆ ಬಿಟ್ಟಿದ್ದಾರೆ. ಅದು ರಿಫಾಂಪಿಸಿನ್ ಬಣ್ಣ, ಅದರಿಂದ ಏನೂ ಆಗುವುದಿಲ್ಲ. ಕೈಕಾಲು ಜುಮುಜುಮು ಅಂದರೆ, ಕೀಲು ನೋವು ಬಂದರೆ, ಹೊಟ್ಟೆ ತೊಳಸಿದರೆ ಮುಂದಿನ ಭೇಟಿಯಲ್ಲಿ ಹೇಳಿ, ಪರಿಹಾರ ಇದೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ ಮಾತ್ರ ಗುಳಿಗೆ ನಿಲ್ಲಿಸಿ ಅವತ್ತೇ ದವಾಖಾನೆಗೆ ಓಡಿ. ಕುಡಿಯುವವರು ಆರು ತಿಂಗಳು ಅದನ್ನ ಮುಟ್ಟಬಾರದು, ಲಿವರಿಗೆ ಎರಡು ಕಡೆಯಿಂದ ಹೊಡೆತ ಬೀಳುತ್ತದೆ. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಡಾಕ್ಟರಿಗೆ ಹೇಳಲೇಬೇಕು. ರಿಫಾಂಪಿಸಿನ್ ಅದರ ಶಕ್ತಿ ಕಡಿಮೆ ಮಾಡುತ್ತದೆ, ಬೇರೆ ವಿಧಾನ ಬೇಕಾಗುತ್ತದೆ. ಎಚ್‌ಐವಿ ಮತ್ತು ಶುಗರ್ ಟೆಸ್ಟ್ ಎಲ್ಲರಿಗೂ ಮಾಡುತ್ತಾರೆ, ನಿಮ್ಮ ಮೇಲೆ ಅನುಮಾನ ಅಂತ ತಿಳಿಯಬೇಡಿ.

ಎರಡನೇ ತಿಂಗಳಿಗೆಲ್ಲ ಜ್ವರ ಹೋಗಿ, ಹಸಿವಾಗಿ, ಮೈ ತುಂಬಿಕೊಂಡಿರುತ್ತದೆ. ಬಿಡುವವರು ಬಿಡುವುದೇ ಆಗ. ಆರಾಮಾದದ್ದು ನಿಮಗೆ, ಕ್ರಿಮಿ ಇನ್ನೂ ಒಳಗಿದೆ. ಮೊದಲ ಎರಡು ತಿಂಗಳು ಮುಗಿದಾಗ ಒಮ್ಮೆ, ಕೋರ್ಸಿನ ಕೊನೆಯಲ್ಲಿ ಒಮ್ಮೆ ಕಫ ಟೆಸ್ಟ್ ಆಗಬೇಕು. ಅವರು ಮರೆತರೆ ನೀವೇ ನೆನಪಿಸಿ. ಜಾತ್ರೆ, ಮದುವೆ, ಸುಗ್ಗಿ ಅಂತ ಕೆಲವು ದಿನ ತಪ್ಪಿದರೆ ಮುಚ್ಚಿಡದೇ ಹೋಗಿ ಹೇಳಿ. ತಪ್ಪಿದ ಗುಳಿಗೆಗಳನ್ನ ಒಟ್ಟಿಗೆ ನುಂಗುವುದು ಬೇಡವೇ ಬೇಡ. 2024ರ ಆರಂಭದಲ್ಲಿ ದೇಶದ ಹಲವು ಕಡೆ ಟಿಬಿ ಔಷಧಿಗೆ ಕೊರತೆಯಾಗಿತ್ತು. ಹಾಗೇನಾದರೂ ಆಗಿ "ಗುಳಿಗೆ ಬಂದಿಲ್ಲ, ಮುಂದಿನ ವಾರ ಬಾ" ಅಂದರೆ ಸುಮ್ನೆ ಮನೆಗೆ ಬರಬೇಡಿ. ಜಿಲ್ಲಾ ಕ್ಷಯರೋಗ ಅಧಿಕಾರಿ ಕಚೇರಿಗೆ ಹೋಗಿ, ಅಥವಾ 1800-11-6666ಕ್ಕೆ ಫೋನ್ ಮಾಡಿ. ಆ ಸಹಾಯವಾಣಿ ಪುಕ್ಕಟೆ.

ನ್ಯಾಟ್ ರಿಪೋರ್ಟಿನಲ್ಲಿ ರಿಫಾಂಪಿಸಿನ್ ಕೆಲಸ ಮಾಡುವುದಿಲ್ಲ ಅಂತ ಬಂದರೆ ಆಟವೇ ಬೇರೆ. ಆಗ ಖಾಸಗಿಯಲ್ಲಿ ಕಾಲ ಕಳೆಯದೇ ಸರ್ಕಾರಿ ವ್ಯವಸ್ಥೆಗೆ ಬನ್ನಿ. ಬೆಡಾಕ್ವಿಲಿನ್‌ನಂಥ ಹೊಸ ಔಷಧಿ ಸಿಗುವುದು ಇಲ್ಲಿಯೇ. ಮೊದಲು ಒಂದೂವರೆ, ಎರಡು ವರ್ಷ ನಡೆಯುತ್ತಿದ್ದ ಈ ಚಿಕಿತ್ಸೆಗೆ ಈಗ ಅರ್ಹರಾದವರಿಗೆ ಸುಮಾರು ಆರು ತಿಂಗಳ ಕೋರ್ಸ್ ಇದೆ. 2024ರಲ್ಲಿ ಅದಕ್ಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು.

ಮನೆ ಮತ್ತು ಓಣಿ

ತಟ್ಟೆ-ಲೋಟ ಬೇರೆ ಇಡುವುದು, ಹಾಸಿಗೆ ಸುಡುವುದು, ಸೊಸೆಯನ್ನ ತವರಿಗೆ ಕಳಿಸುವುದು, ಇದ್ಯಾವುದೂ ಬೇಕಿಲ್ಲ. ಟಿಬಿ ಗಾಳಿಯಲ್ಲಿ ಹರಡುತ್ತದೆ, ಪಾತ್ರೆಯಿಂದ ಅಲ್ಲ. ಕಿಟಕಿ ತೆಗೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಇರಲಿ, ಕಂಡಕಂಡಲ್ಲಿ ಉಗುಳಬೇಡಿ. ಸರಿಯಾದ ಔಷಧಿ ಶುರುವಾಗಿ ಕೆಲವು ವಾರದಲ್ಲೇ ಹರಡುವುದು ಬಹಳ ಕಡಿಮೆಯಾಗುತ್ತದೆ. ಮೊಲೆ ಹಾಲು ಕುಡಿಸುವುದನ್ನೂ ನಿಲ್ಲಿಸಬೇಕಿಲ್ಲ.

ಮನೆಮಂದಿಯನ್ನೆಲ್ಲ ಒಮ್ಮೆ ಪರೀಕ್ಷೆ ಮಾಡಿಸಿ. 5 ವರ್ಷದೊಳಗಿನ ಮಕ್ಕಳಿದ್ದರೆ ತಡ ಮಾಡಬೇಡಿ. ಕಾಯಿಲೆ ಇಲ್ಲದವರಿಗೆ, ಮುಂದೆ ಬಾರದ ಹಾಗೆ ತಡೆಯುವ ಗುಳಿಗೆ ಇದೆ, ಅದೂ ಪುಕ್ಕಟೆ.

ಮದುವೆಯಾಗಬೇಕಾದ ಮಗಳಿದ್ದಾಳೆ, ಆಶಾ ಬಾಗಿಲಿಗೆ ಬಂದರೆ ಓಣಿಗೆಲ್ಲ ಗೊತ್ತಾಗುತ್ತದೆ ಅಂತ ಗದಗಿನವರು ಹುಬ್ಬಳ್ಳಿಗೆ, ಹುಬ್ಬಳ್ಳಿಯವರು ಬೆಳಗಾವಿಗೆ ಹೋಗಿ ದುಡ್ಡು ಸುರಿಯುತ್ತಾರೆ. ಆ ಹೆದರಿಕೆ ಸುಳ್ಳಲ್ಲ, ಅದನ್ನ ಬೈದು ಪ್ರಯೋಜನ ಇಲ್ಲ. ಆದರೆ ಅದಕ್ಕೆ ಊರು ಬಿಡಬೇಕಿಲ್ಲ. ಗುಳಿಗೆ ಬೇರೆ ಕೇಂದ್ರದಿಂದ ತೆಗೆದುಕೊಳ್ಳುತ್ತೇವೆ, ಮನೆಗೆ ಬರುವುದು ಬೇಡ, ಫೋನ್ ಮಾಡಿ ಸಾಕು ಅಂತ ಟಿಬಿ ಮೇಲ್ವಿಚಾರಕರನ್ನ ಕೇಳಿ. ಗುಳಿಗೆ ನುಂಗಿದ್ದನ್ನ ನೋಡಿಕೊಳ್ಳುವ ಕೆಲಸವನ್ನ ಮನೆಯವರೊಬ್ಬರು, ಅಕ್ಕನೋ ಅಣ್ಣನೋ, ವಹಿಸಿಕೊಳ್ಳಬಹುದು.

ಕೋರ್ಸ್ ಮುಗಿದ ಮೇಲೂ ಫೈಲು ಬಿಸಾಡಬೇಡಿ. ಎರಡು ವರ್ಷ, ಆರು ತಿಂಗಳಿಗೊಮ್ಮೆ ಹೋಗಿ ತೋರಿಸಿಕೊಂಡು ಬರಬೇಕು. ನಡುವೆ ಮತ್ತೆ ಕೆಮ್ಮು ಬಂದರೆ ಅದೇ ಫೈಲು, ಅದೇ ನಿಕ್ಷಯ್ ನಂಬರು ಹಿಡಿದುಕೊಂಡು ಹೋಗಿ, "ಮೊದಲು ಟಿಬಿ ಆಗಿತ್ತು" ಅಂತ ಬಾಗಿಲಲ್ಲೇ ಹೇಳಿ.